ಬೇಸಿಗೆಯಲ್ಲಿ ಮಲಗುವ ತೋಟ

ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರದ ಹಿತ್ತಿಲುಗಳಲ್ಲಿ ನೆರಳಿಗೆ ಬರವಿಲ್ಲ. ಬಾದಾಮಿಯೋ ಸೇಂದೂರವೋ ಒಂದು ಮಾವು, ಬಾವಿಯ ಬಳಿ ನಾಲ್ಕು ತೆಂಗು, ಬೇಲಿ ಸಾಲಿನಲ್ಲಿ ಹೊಂಗೆ ಇದ್ದರೆ ಮನೆಯ ಹಿಂದಿನ ಅರ್ಧ ಜಾಗ ತಂಪು. ಆದರೆ ಆ ತಂಪಿನ ಕೆಳಗಿನ ನೆಲ ಹೆಚ್ಚಿನ ಮನೆಗಳಲ್ಲಿ ಬೋಳು. ಬೆಳಿಗ್ಗೆ ಎದ್ದು ತರಗೆಲೆಯನ್ನೆಲ್ಲ ಗುಡಿಸಿ ಮೂಲೆಗೆ ರಾಶಿ ಹಾಕಿ ಬೆಂಕಿ ಕೊಡುತ್ತೇವೆ. ಹಸಿರು ಬೇಕೆಂದು ಹುಲ್ಲುಹಾಸು ಹಾಕಿಸಿದವರೂ ಇದ್ದಾರೆ. ಅದು ಒಂದು ಮಳೆಗಾಲ ಹೇಗೋ ಕಳೆದು, ಮುಂದಿನ ವರ್ಷ ಅಲ್ಲಲ್ಲಿ ಹಳದಿ ತೇಪೆಯಾಗಿ, ಕೊನೆಗೆ ಇಲ್ಲವಾಗುತ್ತದೆ. ಆಮೇಲೆ ಎಲ್ಲರೂ ಹೇಳುವ ಮಾತು ಒಂದೇ: ನೆರಳಲ್ಲಿ ಏನೂ ಬರಲ್ಲ ಬಿಡಿ.

ಹಾಗಿದ್ದರೆ ಕಾಡಿನ ನೆಲವೂ ಬೋಳಾಗಿರಬೇಕಿತ್ತು. ಮಾಗಡಿಯ ಸಾವನದುರ್ಗದ ಬುಡದಲ್ಲಿರುವ ಕಾಡನ್ನು ಮಾರ್ಚಿಯಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ನೋಡಿ ಬನ್ನಿ. ಅದು ದಿಂಡಿಗ, ಕಕ್ಕೆ, ಹಾಲೆ ಮರಗಳಿರುವ ಎಲೆಯುದುರುವ ಒಣ ಕಾಡು. ಚನ್ನಪಟ್ಟಣದ ಬೊಂಬೆ ತಯಾರಾಗುವುದು ಇದೇ ಹಾಲೆ ಮರದ ಬಿಳಿ ದಿಮ್ಮಿಯಿಂದ. ಮಾರ್ಚಿಯಲ್ಲಿ ಕೊಂಬೆಗಳು ಬರಿದು, ನೆಲದ ಮೇಲೆ ಕಾಲಿಟ್ಟಲ್ಲೆಲ್ಲ ಸರಸರ ಎನ್ನುವ ತರಗು, ಅದರಡಿ ಕಾದ ಮರಳುಮಣ್ಣು. ಸೆಪ್ಟೆಂಬರಿನಲ್ಲಿ ಅದೇ ಜಾಗದಲ್ಲಿ ಮೊಣಕಾಲೆತ್ತರಕ್ಕೆ ಹಸಿರು. ಆರು ತಿಂಗಳ ಹಿಂದೆ ಅಲ್ಲಿ ಏನೂ ಇರಲಿಲ್ಲವೆಂದು ತೋರುತ್ತದೆ. ಎಲ್ಲವೂ ಅಲ್ಲೇ ಇತ್ತು, ಮಣ್ಣಿನೊಳಗೆ.

ನಮ್ಮ ಸೀಮೆಯ ನೆರಳಿನ ತೋಟದ ವಿಜ್ಞಾನ ಇಲ್ಲಿಂದ ಶುರುವಾಗುತ್ತದೆ. ಇಂಗ್ಲೆಂಡಿನ ಕಾಡಿನಲ್ಲಿ ಬ್ಲೂಬೆಲ್ ಗಿಡ ಚಳಿಗಾಲ ಮುಗಿಯುತ್ತಿದ್ದಂತೆ ಎದ್ದು, ಮೇಲಿನ ಮರಗಳ ಎಲೆ ತುಂಬುವ ಮೊದಲೇ ಹೂಬಿಟ್ಟು ಕೆಲಸ ಮುಗಿಸುತ್ತದೆ. ಅಲ್ಲಿ ಬೆಳಕು ಬರುವ ಹೊತ್ತಿಗೆ ಮಣ್ಣಿನಲ್ಲಿ ತೇವವೂ ಇರುತ್ತದೆ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡಿನ ನೆಲಕ್ಕೆ ಬಿಸಿಲು ಧಾರಾಳ, ಹನಿ ನೀರಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಮೇಲಿನ ಛಾವಣಿ ಮುಚ್ಚಿಕೊಳ್ಳುತ್ತದೆ. ಬೆಳಕಿದ್ದಾಗ ನೀರಿಲ್ಲ, ನೀರಿದ್ದಾಗ ಬೆಳಕಿಲ್ಲ. ಇವೆರಡೂ ಒಟ್ಟಿಗೆ ಸಿಗುವುದು ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕೆಲವೇ ವಾರ. ಆ ವಾರಗಳನ್ನು ಹಿಡಿಯಬೇಕಾದರೆ ಗಿಡದ ಬಳಿ ಕೂಡಿಟ್ಟ ಬಂಡವಾಳ ಇರಬೇಕು. ಅದಕ್ಕೇ ನಮ್ಮ ಒಣ ಕಾಡಿನ ನೆಲದ ಗಿಡಗಳಲ್ಲಿ ಎಷ್ಟೋ ಗೆಡ್ಡೆಯವು, ಬೇರುಕಾಂಡದವು. ಮೊದಲ ಹದ ಮಳೆಗೆ ಎದ್ದು, ಗೆಡ್ಡೆಯಲ್ಲಿದ್ದುದನ್ನು ಖರ್ಚು ಮಾಡಿ ಎಲೆ ಬಿಚ್ಚಿ, ಉಳಿದ ಮಳೆಗಾಲವೆಲ್ಲ ಮಬ್ಬು ಬೆಳಕಿನಲ್ಲಿ ಸ್ವಲ್ಪಸ್ವಲ್ಪವಾಗಿ ಆ ಸಾಲ ತೀರಿಸುತ್ತವೆ. ಹಿಂಗಾರು ಮುಗಿದ ಮೇಲೆ ಮತ್ತೆ ಮಲಗುತ್ತವೆ.

ಹುಲ್ಲುಹಾಸು ಸೋಲುವುದೇಕೆ ಎಂಬುದಕ್ಕೆ ಉತ್ತರ ರಾಗಿ ಹೊಲದಲ್ಲಿದೆ. ಹೊಲದಂಚಿನ ಮಾವಿನ ನೆರಳಿಗೆ ಸಿಕ್ಕ ರಾಗಿ ಸಾಲು ಏಳುವುದಿಲ್ಲ ಎಂಬುದು ಈ ಭಾಗದ ಯಾವ ರೈತರಿಗೂ ಗೊತ್ತು. ರಾಗಿ, ಕಬ್ಬು, ಮುಸುಕಿನ ಜೋಳ, ಗರಿಕೆ ಇವೆಲ್ಲ ವಿಜ್ಞಾನಿಗಳು ಸಿ4 ಎಂದು ಕರೆಯುವ ಗುಂಪಿನವು. ಇವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಎಲೆಯ ಹೊರ ಕೋಶಗಳಲ್ಲಿ ಒಮ್ಮೆ ಹಿಡಿದು, ಒಳ ಕೋಶಗಳಿಗೆ ಸಾಗಿಸಿ, ಅಲ್ಲಿ ದಟ್ಟವಾಗಿ ತುಂಬಿ ಸಕ್ಕರೆ ಮಾಡುತ್ತವೆ. ಸುಡುಬಿಸಿಲಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಆ ಸಾಗಾಟಕ್ಕೆ ಹೆಚ್ಚುವರಿ ಶಕ್ತಿ ಬೇಕು. ಆ ಶಕ್ತಿ ಬೆಳಕಿನಿಂದಲೇ ಬರಬೇಕು. ನೆರಳಿನಲ್ಲಿ ಅಷ್ಟು ಹುಟ್ಟುವಳಿಯಿಲ್ಲ. ನಮ್ಮ ಕಾಡಿನ ನೆರಳಿನಲ್ಲಿ ಹರಡುವ ಓಪ್ಲಿಸ್ಮೀನಸ್ ಎಂಬ ಹುಲ್ಲು ಈ ಸಾಗಾಟದ ಗೊಡವೆಗೆ ಹೋಗದ ಸಿ3 ಗುಂಪಿನದು. ಎಲೆ ಗಿಡ್ಡ, ಅಗಲ, ಅಂಚಿನಲ್ಲಿ ಸಣ್ಣ ಅಲೆ. ಕಾಂಡ ನೆಲದ ಮೇಲೆ ತೆವಳುತ್ತ ಗಿಣ್ಣಿಗೆ ಗಿಣ್ಣಿಗೆ ಬೇರು ಬಿಡುತ್ತದೆ. ತೆನೆಯ ಮುಳ್ಳುಕೂದಲಿಗೆ ಅಂಟು ಬಂದಾಗ ಪಂಚೆಗೋ ಸೀರೆಯಂಚಿಗೋ ಮೆತ್ತಿಕೊಂಡು ಬೀಜ ಊರೂರು ಸುತ್ತುತ್ತದೆ. ಮಾವಿನಡಿ ಹುಲ್ಲು ಬೇಕೇಬೇಕು ಎನ್ನುವವರಿಗೆ ಇದೇ ಸರಿಯಾದ ಹುಲ್ಲು. ದುಡ್ಡು ಕೊಟ್ಟು ತರಿಸಿ ಹಾಸುವ ಯಾವ ಹುಲ್ಲೂ ಇದರ ಮುಂದೆ ನಿಲ್ಲದು.

ನೆರಳು ಎಂದರೆ ಬರೀ ಕಡಿಮೆ ಬೆಳಕಲ್ಲ, ಬೇರೆ ಬಣ್ಣದ ಬೆಳಕು. ಮೇಲಿನ ಎಲೆಗಳು ನೀಲಿಯನ್ನೂ ಕೆಂಪನ್ನೂ ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣುವ ಕೊನೆಯಂಚಿನಲ್ಲಿರುವ ದೂರಗೆಂಪನ್ನು ಕೆಳಗೆ ಬಿಡುತ್ತವೆ. ಬಯಲಿನಲ್ಲಿ ಕೆಂಪು, ದೂರಗೆಂಪು ಹೆಚ್ಚುಕಡಿಮೆ ಸಮ. ದಟ್ಟ ಎಲೆಯಡಿ ದೂರಗೆಂಪೇ ಹಲವು ಪಟ್ಟು. ಗಿಡಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣಕ ಈ ವ್ಯತ್ಯಾಸವನ್ನು ಅಳೆಯುತ್ತದೆ. ಬಯಲಿನ ಗಿಡಕ್ಕೆ ಆ ಸುದ್ದಿ ಮುಟ್ಟಿದರೆ ಅದು ಎಲೆ ಬಿಟ್ಟು ಕಾಂಡ ಉದ್ದ ಮಾಡಲು ಹೊರಡುತ್ತದೆ, ಸೊಣಕಲಾಗಿ ವಾಲಿ ಬೀಳುತ್ತದೆ. ನೆರಳಿಗೆ ಒಗ್ಗಿದ ಗಿಡ ಆ ಸುದ್ದಿಗೆ ತಲೆಕೆಡಿಸಿಕೊಳ್ಳದೆ ಎಲೆಯನ್ನು ತೆಳುವಾಗಿ, ಅಗಲವಾಗಿ ಹರಡುತ್ತದೆ. ಬಯಲಿನ ಎಷ್ಟೋ ಕಳೆಗಳ ಬೀಜ ಈ ದೂರಗೆಂಪು ಬೆಳಕಿನಲ್ಲಿ ಮೊಳೆಯುವುದೇ ಇಲ್ಲ. ಹಾಗಾಗಿ ಒಮ್ಮೆ ನೆಲ ತುಂಬಿಕೊಂಡ ನೆರಳಿನ ತೋಟದಲ್ಲಿ ಕಳೆ ಕೀಳುವ ಕೆಲಸ ವರ್ಷವರ್ಷಕ್ಕೂ ಕಡಿಮೆಯಾಗುತ್ತದೆ.

ಇನ್ನೊಂದು ಸಂಗತಿಯನ್ನು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಾವಿನಡಿ ಕುಳಿತು ನೋಡಬೇಕು. ನೆಲದ ಮೇಲೆ ದುಂಡನೆಯ ಬಿಸಿಲುಚುಕ್ಕೆಗಳು ಅಲ್ಲಾಡುತ್ತಿರುತ್ತವೆ. ಎಲೆಗಳ ನಡುವಿನ ಸಂದಿ ಮೂರು ಮೂಲೆಯದಾಗಿರಲಿ, ಸೀಳಾಗಿರಲಿ, ಚುಕ್ಕೆ ಮಾತ್ರ ದುಂಡಗೆ. ಏಕೆಂದರೆ ಪ್ರತಿ ಚುಕ್ಕೆಯೂ ಸಣ್ಣ ಕಿಂಡಿಯಲ್ಲಿ ತೂರಿ ಬಂದ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಬಾಗಿಲು ಹಾಕಿಕೊಳ್ಳದೆ ಮರದಡಿ ನಿಂತವರು ಆ ಚುಕ್ಕೆಗಳೆಲ್ಲ ಕುಡುಗೋಲಿನಾಕಾರ ತಾಳಿದ್ದನ್ನು ನೋಡಿದ್ದಾರೆ. ನೆಲದ ಗಿಡದ ದಿನದ ಊಟದಲ್ಲಿ ದೊಡ್ಡ ಪಾಲು ಬರುವುದು ಈ ಚುಕ್ಕೆಗಳಿಂದ. ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿ ರಾಬರ್ಟ್ ಪಿಯರ್ಸಿ ಇವುಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಬಹಳ ಹೊತ್ತು ಮಬ್ಬಿನಲ್ಲಿದ್ದ ಎಲೆಯ ಮೇಲೆ ಥಟ್ಟನೆ ಬಿಸಿಲು ಬಿದ್ದರೆ ಅದರ ಕಾರ್ಖಾನೆ ಪೂರ್ತಿ ಚಾಲೂ ಆಗಲು ಹತ್ತಾರು ನಿಮಿಷ ಬೇಕಾಗುತ್ತದೆ. ಒಮ್ಮೆ ಚಾಲೂ ಆದ ಮೇಲೆ, ಸ್ವಲ್ಪ ಬಿಟ್ಟು ಬಂದ ಎರಡನೇ ಚುಕ್ಕೆಯನ್ನು ತಡಮಾಡದೆ ಬಳಸುತ್ತದೆ. ಇದರಿಂದ ತೋಟದವರಿಗೆ ಸಿಗುವ ಪಾಠ ನೇರವಾದದ್ದು. ಮರದ ಕೆಳಗೊಂಬೆಗಳನ್ನು ಸವರಿ, ಚುಕ್ಕೆಗಳು ದಿನವಿಡೀ ಓಡಾಡಲು ಬಿಟ್ಟರೆ ಸಾಕು. ಮರ ಕಡಿಯಬೇಕಾಗಿಲ್ಲ.

ಬೆಳಕಿಗಿಂತ ದೊಡ್ಡ ತೊಡಕು ಬೇರಿನದು. 1904ರಲ್ಲಿ ಜರ್ಮನಿಯ ಫ್ರಿಕೆ ಎಂಬ ಅರಣ್ಯ ವಿಜ್ಞಾನಿ ಪೈನ್ ಕಾಡಿನಲ್ಲಿ ಸೊರಗಿದ್ದ ಎಳೆ ಸಸಿಗಳ ಸುತ್ತ ಕಂದಕ ತೋಡಿಸಿ ದೊಡ್ಡ ಮರಗಳ ಬೇರನ್ನು ಕತ್ತರಿಸಿದರು. ಬೆಳಕು ಒಂದಿಷ್ಟೂ ಹೆಚ್ಚಲಿಲ್ಲ. ಸಸಿಗಳು ಮಾತ್ರ ಚೇತರಿಸಿಕೊಂಡವು. ಅವನ್ನು ಸೊರಗಿಸಿದ್ದು ಕತ್ತಲೆಯಲ್ಲ, ಬಾಯಾರಿಕೆ. ನಮ್ಮ ಮಣ್ಣಿನಲ್ಲಿ ಇದು ಇನ್ನೂ ಬಿಗಿ. ರಾಮನಗರದ ಹಳೆಯ ಹೆಸರಿನಲ್ಲೇ ಲೋಕದ ಭೂವಿಜ್ಞಾನಿಗಳು ಗುರುತಿಸುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅದು ಪುಡಿಯಾಗಿ ಆದ ಗರಸು ಕೆಮ್ಮಣ್ಣು ನೀರನ್ನು ಹಿಡಿದಿಡುವುದಿಲ್ಲ, ಸಾರವೂ ಕಡಿಮೆ. ಅದರಲ್ಲಿ ಇರುವಷ್ಟು ತೇವವನ್ನು ಮಾವಿನ ಬೇರು ಮೊದಲು ಎಳೆದುಕೊಳ್ಳುತ್ತದೆ.

ತೆಂಗಿನದು ಇದಕ್ಕಿಂತ ಸುಲಭ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ತೆಂಗಿನ ಜೊತೆಗಿನ ಬಹುಮಹಡಿ ಬೇಸಾಯದ ಬಗ್ಗೆ ದೊಡ್ಡ ಕೆಲಸ ನಡೆಯಿತು. ಚೆನ್ನಾಗಿ ನೋಡಿಕೊಂಡ ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು 2 ಮೀಟರ್ ದೂರದೊಳಗೇ ಇರುತ್ತವೆ, ಏಳೂವರೆ ಮೀಟರ್ ಅಂತರದ ತೋಟದಲ್ಲಿ ಮುಕ್ಕಾಲು ಪಾಲು ನೆಲ ಖಾಲಿ ಬಿದ್ದಿರುತ್ತದೆ ಎಂದು ಅಲ್ಲಿನವರು ತೋರಿಸಿಕೊಟ್ಟರು. ಬೆಳಕೂ ಮರದ ವಯಸ್ಸಿನ ಜೊತೆ ಬದಲಾಗುತ್ತದೆ. ಎಂಟರಿಂದ ಇಪ್ಪತ್ತೈದು ವರ್ಷದ ತೆಂಗಿನಡಿ ನೆಲಕ್ಕೆ ಬೀಳುವುದು ಸುಮಾರು ಐದನೇ ಒಂದು ಪಾಲು. ಮರ ಎತ್ತರವಾಗುತ್ತ ಹೋದಂತೆ ಬೆಳಕು ಮತ್ತೆ ಕೆಳಗಿಳಿಯುತ್ತದೆ. ಅಜ್ಜನ ಕಾಲದ ತೆಂಗಿನಡಿ ಬರುವಷ್ಟು ಬಗೆಯ ಗಿಡಗಳು ಎಳೆ ತೋಟದಲ್ಲಿ ಬರುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ನೆರಳು ಹೊಂಗೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ ಬೇಗ ಚಿಗುರುತ್ತದೆ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಅದರ ಎಲೆ ಮಾವಿನೆಲೆಗಿಂತ ಬೇಗ ಕೊಳೆತು ಮಣ್ಣಾಗುತ್ತದೆ.

ಇನ್ನು ಗಿಡಗಳು. ಮೊದಲ ಸ್ಥಾನ ಕನಕಾಂಬರಕ್ಕೆ. ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ಈ ಹೂ ದಕ್ಷಿಣ ಭಾರತದ, ಶ್ರೀಲಂಕಾದ ಒಣ ಕಾಡುಗಳ ನೆಲದ ಗಿಡ ಎಂಬುದನ್ನು ನಾವು ಮರೆತಿದ್ದೇವೆ. ಮರದಡಿಯ ಮಬ್ಬು ಅದಕ್ಕೆ ತವರು. ಏಪ್ರಿಲ್‌ನಲ್ಲಿ ಎಲೆ ಬಾಡಿ ಜೋಲುತ್ತದೆ, ಒಂದು ಮಳೆಗೆ ನೆಟ್ಟಗಾಗುತ್ತದೆ. ಹೂ ಮುಗಿದ ತೆನೆಯನ್ನು ಕೀಳದೆ ಒಣಗಲು ಬಿಡಿ. ಚೆನ್ನಾಗಿ ಒಣಗಿದ ಮೇಲೆ ಅದರ ಮೇಲೆ ಬೆರಳಿನಿಂದ ಎರಡು ಹನಿ ನೀರು ಚಿಮುಕಿಸಿ ಕಾಯಬೇಕು. ಕೆಲ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಪಟ್ಟನೆ ಒಂದು ಕಾಯಿ ಸಿಡಿಯುತ್ತದೆ, ಹಿಂದೆಯೇ ಇನ್ನೊಂದು. ಬೀಜ ಮಾರು ದೂರ ಹೋಗಿ ಬೀಳುತ್ತದೆ. ಕಾಯಿ ಒಣಗುವಾಗ ಅದರ ಗೋಡೆಗಳಲ್ಲಿ ಬಿಗುವು ಕೂಡಿಕೊಂಡಿರುತ್ತದೆ. ಎರಡು ಹೋಳನ್ನು ಹಿಡಿದಿಟ್ಟ ಅಂಟು ಒದ್ದೆಯಾಗಿ ಸಡಿಲಗೊಂಡೊಡನೆ ಹೋಳುಗಳು ಹಿಂದಕ್ಕೆ ಬಾಗಿ, ಪ್ರತಿ ಬೀಜದಡಿಯಿರುವ ಸಣ್ಣ ಕೊಕ್ಕೆ ಅದನ್ನು ಎಸೆಯುತ್ತದೆ. ಆಡುಸೋಗೆ, ಗೋರಂಟಿ, ನೆಲಬೇವು ಎಲ್ಲವೂ ಇದೇ ಕುಟುಂಬದವು, ಎಲ್ಲದರ ಕಾಯಿಯಲ್ಲೂ ಈ ಕೊಕ್ಕೆಯಿದೆ. ಕನಕಾಂಬರದ ಹೆಚ್ಚುಗಾರಿಕೆ ಎಂದರೆ ಅದು ಮಳೆಗಾಗಿ ಕಾಯುತ್ತದೆ. ಬೀಜ ನೆಲಕ್ಕೆ ಬೀಳುವ ದಿನ ನೆಲ ಒದ್ದೆಯಾಗಿಯೇ ಇರುತ್ತದೆ.

ಆದರೆ ಕೊಳ್ಳುವಾಗ ಎಚ್ಚರ ಬೇಕು. ಮಾರುಕಟ್ಟೆಯಲ್ಲಿ ಹೆಸರಾದ ದೆಹಲಿ ಕನಕಾಂಬರದ ಕೋಶಗಳಲ್ಲಿ ವರ್ಣತಂತುಗಳು ಮೂರು ಜತೆಗೂಡಿರುತ್ತವೆ. ಬೆಸ ಸಂಖ್ಯೆ ಸರಿಸಮ ಹಂಚಿಕೆಯಾಗದ ಕಾರಣ ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಹೂವಿನ ವ್ಯಾಪಾರಕ್ಕೆ ಅದು ಸರಿ. ತಾನಾಗಿ ಹರಡಿ ನೆಲ ತುಂಬಬೇಕಾದರೆ ಬೀಜ ಕಟ್ಟುವ ಹಳೆಯ ಊರ ತಳಿಯೇ ಆಗಬೇಕು.

ಕನಕಾಂಬರದ ನಡುವೆ ನೆಲತಾಳೆ ಇಡಿ. ಮಳೆಗೆ ಮೊದಲು ಏಳುವವುಗಳಲ್ಲಿ ಅದೂ ಒಂದು. ಎಳೆ ಈಚಲ ಸಸಿಯೆಂದು ಕಣ್ತಪ್ಪುವಂತಹ ಮಡಿಕೆ ಎಲೆ. ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ, ಆರು ದಳದ ಅಚ್ಚ ಹಳದಿ ಹೂ ಅರಳುತ್ತದೆ. ಹೂವಿನ ಅಂಡಾಶಯ ಮಣ್ಣಿನೊಳಗೇ ಇರುವುದರಿಂದ ಕಾಯಿ ಬೇಕಾದವರು ಉಗುರಿನಿಂದ ಮಣ್ಣು ಕೆರೆದು ಹುಡುಕಬೇಕು. ಒಳಗೆ ಹೊಳೆಯುವ ಕಪ್ಪು ಬೀಜ. ಕೆಲವೊಮ್ಮೆ ಎಲೆಯ ತುದಿ ಬಾಗಿ ಮಣ್ಣು ಮುಟ್ಟಿದಲ್ಲಿ ಒಂದು ಮರಿಗಿಡ ಹುಟ್ಟುತ್ತದೆ. ಸೊಗದೆ ಬೇರಿನ ಬಳ್ಳಿ ಇನ್ನೊಂದು ಬಗೆ. ತಂತಿಯಷ್ಟು ಸಣ್ಣ ಕಾಂಡ, ಕಡು ಹಸಿರು ಎಲೆಯ ನಡುವೆ ಬಿಳಿ ಗೆರೆ, ಒಂದೇ ಬಳ್ಳಿಯಲ್ಲಿ ಕಿರಿದಾದ ಎಲೆಯೂ ಅಗಲ ಎಲೆಯೂ. ಅದರ ಬೇರಿಗೂ ಮಾಕಳಿ ಬೇರಿಗೂ ಇರುವ ಪರಿಮಳ ಒಂದೇ ರಾಸಾಯನಿಕದಿಂದ ಬಂದದ್ದು. ಆ ರಾಸಾಯನಿಕ ವೆನಿಲಾದ ವೆನಿಲಿನ್‌ಗೆ ದಾಯಾದಿ: ಪರಮಾಣುಗಳು ಅವೇ, ಜೋಡಣೆ ಬೇರೆ. ಕಪ್ಪು ರೆಕ್ಕೆಯಂಚಿಗೆ ಬಿಳಿ ಚುಕ್ಕೆಯಿರುವ ಕಾಮನ್ ಕ್ರೋ ಚಿಟ್ಟೆ ಮೊಟ್ಟೆಯಿಡಲು ಹುಡುಕುವ ಗಿಡಗಳಲ್ಲಿ ಇದೂ ಸೇರಿದೆ.

ನೆಲಬೇವು ಒಂದು ವರ್ಷದ ಗಿಡ. ಒಮ್ಮೆ ಬೀಜ ಚೆಲ್ಲಿದರೆ ವರ್ಷವರ್ಷವೂ ಮಳೆಗೆ ತಾನೇ ಹುಟ್ಟುತ್ತದೆ. ಗೋಡೆ ಬದಿಯ ತೀರಾ ಒಣ ನೆರಳಿಗೆ ಮಂಜಿನ ನಾರು ಸರಿ. ಹಿಂದೆ ಬಿಲ್ಲಿನ ಹೆದೆಗೆ ಇದರ ಜಾತಿಯ ನಾರನ್ನೇ ಹೊಸೆಯುತ್ತಿದ್ದರು. ರಾತ್ರಿ ಹೊತ್ತು ಮಾತ್ರ ಎಲೆಯ ರಂಧ್ರ ತೆರೆದು ಉಸಿರಾಡುವುದರಿಂದ ಹಗಲಿನ ಬಿಸಿಗೆ ನೀರು ಕಳೆದುಕೊಳ್ಳುವುದಿಲ್ಲ. ಒಂದೆಲಗ ಎಲ್ಲರಿಗೂ ಪ್ರಿಯ, ಆದರೆ ಅದು ಕಾಡಿನದಲ್ಲ, ಕೆರೆ ಕಾಲುವೆಯ ಅಂಚಿನದು. ಕೈತೊಳೆಯುವ ನೀರು ಹರಿಯುವ ಕಡೆಗಷ್ಟೇ ಇಡಬೇಕು. ಗೌರಿ ಹಬ್ಬದ ಹೊತ್ತಿಗೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವ ಗೌರಿ ಹೂವಿನ ಬಳ್ಳಿ ಬೇಲಿಯ ನೆರಳಿಗೆ ಬಲು ಚೆಂದ. ಆದರೆ ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಕಾಲ್ಚಿಸೀನ್ ಎಂಬ ಘೋರ ವಿಷವಿದೆ. ಚಿಕ್ಕ ಮಕ್ಕಳು, ಕರುಗಳು ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಇವನ್ನೆಲ್ಲ ನೆಟ್ಟವರು ಮಾಡಬಾರದ ಕೆಲಸ ಬೇಸಿಗೆಯಲ್ಲಿ ಗಾಬರಿಯಾಗಿ ನೀರು ಸುರಿಯುವುದು. ಜನವರಿ ಕಳೆಯುವ ಹೊತ್ತಿಗೆ ಗೌರಿ ಹೂವು ಒಣಗಿ ಕಡ್ಡಿಯಾಗಿರುತ್ತದೆ, ನೆಲತಾಳೆ ಮಾಯವಾಗಿರುತ್ತದೆ, ನೆಲಬೇವು ಬೀಜ ಉದುರಿಸಿ ಸತ್ತಿರುತ್ತದೆ. ಗಿಡ ಹೋಯಿತೆಂದು ಬಿಂದಿಗೆಗಟ್ಟಲೆ ನೀರು ಹಾಕಿದರೆ ಮಲಗಿದ ಗೆಡ್ಡೆ ಕೊಳೆಯುತ್ತದೆ. ಅವುಗಳಿಗೆ ಆಗ ಬೇಕಾದದ್ದು ಹೊದಿಕೆ. ಅದು ಮರದಿಂದಲೇ ಬೀಳುತ್ತಿರುತ್ತದೆ. ನಾಲ್ಕು ಬೆರಳು ದಪ್ಪ ತರಗು ಮಣ್ಣಿನ ಬಿಸಿಯನ್ನು ತಗ್ಗಿಸುತ್ತದೆ, ಇರುವ ತೇವ ಆರದಂತೆ ನೋಡಿಕೊಳ್ಳುತ್ತದೆ. ಗೆದ್ದಲು ಬರುತ್ತದಲ್ಲ ಎಂದು ಕೇಳುವವರಿಗೆ ಹೇಳಬೇಕಾದ್ದಿದೆ: ಒಣ ಕಾಡಿನಲ್ಲಿ ಎಲೆಯನ್ನು ಮಣ್ಣು ಮಾಡುವ ಮುಖ್ಯ ಕೆಲಸಗಾರ ಗೆದ್ದಲೇ. ಅದಕ್ಕೆ ತರಗು ಸಿಕ್ಕರೆ ನಮಗೆ ಮಣ್ಣು ಸಿಗುತ್ತದೆ. ಹಾವು, ಚೇಳಿನ ಭಯ ಸುಳ್ಳಲ್ಲ. ಮನೆಯ ಗೋಡೆಯಿಂದ ಎರಡು ಮಾರು, ಓಡಾಡುವ ದಾರಿಯ ಅಕ್ಕಪಕ್ಕ ಗುಡಿಸಿ ಬೋಳಾಗಿಡಿ. ಉಳಿದ ಜಾಗಕ್ಕೆ ಪೊರಕೆ ಬೇಡ.

ವೆಡೇಲಿಯಾ ಬಳ್ಳಿಯ ಬಗ್ಗೆ ಒಂದು ಮಾತು. ಹಳದಿ ಹೂವಿನ ಈ ಅಮೆರಿಕ ಮೂಲದ ಬಳ್ಳಿಯನ್ನು ಉದ್ಯಾನಗಳಲ್ಲಿ ಈಗಲೂ ನೆಡುತ್ತಿದ್ದಾರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಪಟ್ಟಿ ಮಾಡಿದ ಲೋಕದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ ಅದೂ ಇದೆ, ನಮ್ಮ ಬೆಟ್ಟಗಳನ್ನೆಲ್ಲ ನುಂಗಿರುವ ಲಂಟಾನವೂ ಇದೆ. ಲಂಟಾನವೂ ಒಂದು ಕಾಲಕ್ಕೆ ಅಂದದ ತೋಟದ ಗಿಡವಾಗಿಯೇ ಭಾರತಕ್ಕೆ ಬಂದದ್ದು. ಇಂಥದ್ದನ್ನು ಮತ್ತೊಮ್ಮೆ ನಮ್ಮ ಕೈಯಾರೆ ಬಿಡುವುದು ಬೇಡ.

ಗಿಡ ತರುವುದು ಎಲ್ಲಿಂದ? ಕಾಡಿನಿಂದ ಕಿತ್ತು ತರಲೇಬಾರದು. ಮೀಸಲು ಅರಣ್ಯದಲ್ಲಿ ಅದು ಕಾನೂನಿನ ಪ್ರಕಾರ ಅಪರಾಧ ಕೂಡ. ಗೆಡ್ಡೆ, ಬೇರು ಕಿತ್ತರೆ ಆ ಗಿಡ ಅಲ್ಲಿಗೆ ಮುಗಿಯಿತು. ಉಪ್ಪಿನಕಾಯಿಗೆಂದು, ಔಷಧಿಗೆಂದು ಬಂಡೆ ಸಂದಿಯಿಂದ ಅಗೆದು ಅಗೆದು ಮಾಕಳಿ ಬೇರು ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. 1990ರ ದಶಕದಲ್ಲಿ ಕರ್ನಾಟಕ ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ರಾಜ್ಯದ ಹದಿಮೂರು ಕಡೆ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದವು; ಸಾವನದುರ್ಗ ಅವುಗಳಲ್ಲಿ ಒಂದು. ಅಲ್ಲಿಗೆ ಹೋಗುವುದು ನೋಡಿ ಕಲಿಯಲು ಮಾತ್ರ. ಸಸಿ ಬೇಕಾದವರು ಔಷಧಿ ಸಸ್ಯ ಬೆಳೆಸುವ ನರ್ಸರಿಗೆ ಹೋಗಿ, ಇದು ಬೀಜದಿಂದ ಎಬ್ಬಿಸಿದ್ದೋ ಕಾಡಿನಿಂದ ಅಗೆದು ತಂದದ್ದೋ ಎಂದು ಬಾಯಿಬಿಟ್ಟು ಕೇಳಬೇಕು. ಕನಕಾಂಬರ, ನೆಲಬೇವು, ಸೊಗದೆ ಬೇರುಗಳಿಗಂತೂ ನರ್ಸರಿಯೂ ಬೇಡ. ಊರಲ್ಲಿ ಯಾರದಾದರೂ ಹಿತ್ತಿಲಲ್ಲಿ ಇದ್ದೇ ಇರುತ್ತವೆ. ಒಂದು ಹಿಡಿ ಬೀಜ, ಒಂದು ತುಂಡು ಬಳ್ಳಿ ಕೊಡಲು ಯಾರೂ ಹಿಂದೆಗೆಯುವುದಿಲ್ಲ.

ಈ ಸಲದ ತರಗಿಗೆ ಬೆಂಕಿ ಕೊಡಬೇಡಿ. ಹೊಂಗೆಯದೋ ಹಳೆಯ ತೆಂಗಿನದೋ ನೆರಳಿನಲ್ಲಿ ಒಂದು ಮಂಚ ಹಿಡಿಯುವಷ್ಟು ಜಾಗ ಗುರುತು ಮಾಡಿ, ಭರಣಿ ಮಳೆ ಬಿದ್ದ ಮಾರನೆಯ ದಿನ ಅಲ್ಲಿ ಊರ ಕನಕಾಂಬರದ ಬೀಜ ಚೆಲ್ಲಿ. ಎರಡು ಮಳೆಗಾಲ ಅದನ್ನು ಅದರ ಪಾಡಿಗೆ ಬಿಟ್ಟರೆ, ಮೂರನೆಯದಕ್ಕೆ ನೆರೆಮನೆಯವರಿಗೆ ಕೊಡುವಷ್ಟು ಸಸಿ ನಿಮ್ಮಲ್ಲೇ ಇರುತ್ತದೆ.